ಖಾಲಿ ಹಿಂದಿರುಗಿಸಬಾರದ ಚೀಲ

ಆಗಸ್ಟ್ 3, 1994, ಬುಧವಾರ

ಲಿನಾವ್ ದ್ವೀಪದ ಸಮಸ್ತ ಮಹಾಜನರಿಗೂ, ಸುತ್ತಲಿನ ಸಮುದ್ರಕ್ಕೂ, ಅದರಾಚೆ ಯಾರಾದರೂ ಇದ್ದರೆ ಅವರಿಗೂ ಈ ಮೂಲಕ ಘೋಷಿಸುವುದೇನೆಂದರೆ — ನನ್ನ ಹಿತ್ತಲಿನ ಪರಂಗಿ ಮರದಲ್ಲಿ ಈ ಬೆಳಗ್ಗೆ ಹದಿನಾಲ್ಕು ಕಾಯಿಗಳಿವೆ. ನಿನ್ನೆ ಹದಿನೈದಿದ್ದವು. ತನಿಖೆ ನಡೆದಿದೆ.

ಕಳ್ಳ ಯಾರೋ ಗೊತ್ತಿಲ್ಲ. ಯಾತಕ್ಕೆ ಕದ್ದನೆಂದು ಗೊತ್ತು. ಆಗಸ್ಟ್ ಬಂದರೆ ಈ ಊರಿನವರು ಪರಂಗಿ ತಿನ್ನುವುದಿಲ್ಲ, ಕೊಳೆಹಾಕುತ್ತಾರೆ. ಇಪ್ಪತ್ತಾರಕ್ಕೆ ಆಟ. 1944ರಲ್ಲಿ, ಯುದ್ಧಕಾಲಕ್ಕೆ ದ್ವೀಪ ಹಿಡಿದಿದ್ದ ಜಪಾನಿಗಳು ಊರಿನ ಗಂಡಸರನ್ನೆಲ್ಲ ಚರ್ಚಿನ ಮೈದಾನದಲ್ಲಿ ಸಾಲಾಗಿ ಕೂರಿಸಿದ್ದು, ತಲೆಗೆ ಚೀಲ ಹಾಕಿಕೊಂಡವನೊಬ್ಬ ಬಂದು ಒಂಬತ್ತು ಜನರನ್ನು ಬೆರಳು ಮಾಡಿ ತೋರಿಸಿದ್ದು, ಆ ಒಂಬತ್ತು ಜನ ಸಂಜೆಗೆ ಇಲ್ಲವಾದದ್ದು — ಎಲ್ಲ ಅದೇ ಮೈದಾನದಲ್ಲಿ ಮತ್ತೆ ಆಡಿ ತೋರಿಸುತ್ತಾರೆ. ಸತ್ತವರ ಪಾರ್ಟು ಅವರವರ ಮನೆಯವರಿಗೆ. ಚೀಲದವನ ಪಾರ್ಟು ನಮ್ಮ ಮನೆಗೆ. ವಂಶಪಾರಂಪರ್ಯ. ಜಹಗೀರು ಇದ್ದಹಾಗೆ.

ಚೀಲದೊಳಗಿನ ಮುಖವನ್ನು ಯಾರೂ ನೋಡಿಲ್ಲ. ಆದರೆ ಅಪ್ಪ ಜಪಾನಿ ಠಾಣ್ಯಕ್ಕೆ ತೆಂಗಿನ ಹೆಂಡ ಇಳಿಸಿ ಕೊಡುತ್ತಿದ್ದ. ಅಷ್ಟು ಸಾಕಾಯಿತು. ಎರಡು ತಿಂಗಳಿಗೆ ಗುಡ್ಡದ ಗೆರಿಲ್ಲಾಗಳು ಬಂದು, ಅವನು ಮರದಿಂದ ಇಳಿಯುವುದನ್ನೇ ಕಾದು, ಕರೆದುಕೊಂಡು ಹೋದರು. ಮನೆಗೆ ವಾಪಸ್ ಬಂದದ್ದು ಹೆಂಡದ ಬಿದಿರ ಕೊಳವೆ ಮಾತ್ರ.

ಅಣ್ಣ ಸಿಸೋ ಮೂವತ್ತೊಂದು ವರ್ಷ ಚೀಲ ಹಾಕಿಕೊಂಡ. ಮೂವತ್ತೊಂದು ವರ್ಷ ಕೊಳೆತ ಪರಂಗಿಯ ಅಭಿಷೇಕ. ಒಂದು ಸಲ ಒಳಗೇ ಸಿಗರೇಟು ಹಚ್ಚಿದ. ಕಣ್ಣಿನ ತೂತುಗಳಿಂದ ಹೊಗೆ! ಜಪಾನಿ ಕ್ಯಾಪ್ಟನ್ ಪಾರ್ಟಿನ ಪೋಸ್ಟ್ ಮಾಸ್ತರು ನಗು ತಡೆಯಲಾರದೆ ಕತ್ತಿ ಬೀಳಿಸಿಕೊಂಡರು. ಏಪ್ರಿಲಿನಲ್ಲಿ ಸಿಸೋ ತೀರಿಕೊಂಡ. ಈಗ ಮನೆಯಲ್ಲಿ ಉಳಿದದ್ದು: ನಾನು, ಐವತ್ತೇಳು ವರ್ಷ, ಎರಡು ಮೊಣಕಾಲು ನೋವು, ಹದಿನಾಲ್ಕು ಪರಂಗಿ.

ಆಗಸ್ಟ್ 7, ಭಾನುವಾರ

ಪೂಜೆ ಮುಗಿದ ಮೇಲೆ ಕಮಿಟಿ ಸೇರಿತು. ಅಧ್ಯಕ್ಷರು ಫುಲ್ಹೆನ್ಸಿಯೋ ಮೇಷ್ಟ್ರು. ರಿಟೈರ್ ಆಗಿ ಹನ್ನೊಂದು ವರ್ಷ, ಇನ್ನೂ ಸೀಮೆಸುಣ್ಣ ಹಿಡಿದ ಹಾಗೆ ಬೆರಳು ಹಿಡಿದು ಮಾತಾಡುತ್ತಾರೆ.

"ಐವತ್ತನೇ ವರ್ಷ. ಈ ಸಲ ನಕಲಿ ಚೀಲ ಬೇಡ. ಅಸಲಿದನ್ನೇ ಹೊರಗೆ ತೆಗೆಯೋಣ."

ನಕಲಿ ಚೀಲ ಪ್ರತಿ ವರ್ಷ ಹೆಣೆದು ಕೊಡುವವಳು ನಾನು. ಊರಿನಲ್ಲಿ ಕೇದಗೆ ಗರಿ ಹೆಣೆಯುವ ಕೈ ಈಗ ಇದೊಂದೇ. ನಮ್ಮ ಅವಮಾನಕ್ಕೆ ಸಲಕರಣೆಯನ್ನೂ ನಾವೇ ಒದಗಿಸುತ್ತೇವೆ — ಇಂಥ ಧಾರಾಳ ಬೇರೆಲ್ಲಿ ಕಂಡೀರಿ? ಅಸಲಿ ಚೀಲ ಚರ್ಚಿನ ಗಾಜಿನ ಪೆಟ್ಟಿಗೆಯಲ್ಲಿ ಕಟ್ಟಿಗೆಯ ತಲೆಯ ಮೇಲೆ ಬೋರಲು ಕೂತಿದೆ. ಮೇಣದ ಬತ್ತಿ ಹೊಗೆಗೆ ಕಪ್ಪಾಗಿದೆ. ನೆತ್ತಿಯನ್ನು ಗೆದ್ದಲು ತಿಂದಿದೆ. ರಿಪೇರಿ ಯಾರು ಮಾಡಬೇಕು? ಎಲ್ಲರೂ ನನ್ನ ಕಡೆ ತಿರುಗಿದರು.

ಆಗ ಎದ್ದಳು ಪ್ರಿಮಿತಿವಾ. ಬೇಲಿಯಾಚೆಯ ಮನೆ. ಒಂಬತ್ತು ಜನರಲ್ಲಿ ಮೂರನೆಯವನ ಮಗಳು. ನನಗಿಂತ ಎರಡು ವರ್ಷ ದೊಡ್ಡವಳು, ದನಿ ಇಪ್ಪತ್ತು ವರ್ಷ ದೊಡ್ಡದು.

"ಅವಳ ಕೈಗಾ? ಕೊಟ್ರೆ ಮುಗೀತು! ನಮ್ಮನೆ ಚೀಲ ಹೋಗಿ ಐವತ್ತು ವರ್ಷ ಆಯ್ತು, ಇನ್ನೂ ವಾಪಸ್ ಬಂದಿಲ್ಲ. ಇವಳಿಗೆ ಜ್ವರ ಅಂತ ನಮ್ಮಮ್ಮ ಗೆಣಸು ತುಂಬಿ ಕಳಿಸಿದ್ಲು. ಗೆಣಸೂ ತಿಂದ್ರು, ಚೀಲಾನೂ ತಿಂದ್ರು!"

ಈ ದೂರು ಊರಿಗೆಲ್ಲ ಬಾಯಿಪಾಠ. ಎಲ್ಲರೂ ನಕ್ಕರು. ನಾನೂ ಬಿಡಲಿಲ್ಲ. ಮನಾಂಗ್, ಅಂದರೆ ಅಕ್ಕ, ಅಂತ ಮರ್ಯಾದೆ ಸೇರಿಸಿಯೇ ಅಂದೆ.

"ಪಾಪ, ಮನಾಂಗ್ ಪ್ರಿಮಿತಿವಾ. ಯುದ್ಧದಲ್ಲಿ ಏನೇನೋ ಕಳ್ಕೊಂಡ್ರು ಜನ. ನೀವು ಚೀಲ ಕಳ್ಕೊಂಡ್ರಿ."

"ಅಪ್ಪನ್ನೂ ಕಳ್ಕೊಂಡೆ ಕಣೇ," ಅಂದಳು.

ಯಾರೂ ನಗಲಿಲ್ಲ. ನನ್ನ ನಾಲಿಗೆಗೆ ಗೆದ್ದಲು ಹಿಡಿಯಲಿ.

ಆದರೆ ಆ ಚೀಲ ನಾವು ತಿಂದದ್ದಲ್ಲ. ನೆರೆಮನೆಯ ಚೀಲವನ್ನು ಖಾಲಿ ಹಿಂದಿರುಗಿಸಬಾರದು, ಇಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಆ ವರ್ಷ ನಮ್ಮ ಮನೆಯಲ್ಲಿ ಹಾಕಿ ಕೊಡಲು ಏನೂ ಇರಲಿಲ್ಲ. ಅಮ್ಮ ಅದನ್ನು ಗೋಡೆಗೆ ನೇತುಹಾಕಿದ್ದಳು, ಏನಾದರೂ ಸಿಗಲಿ ಅಂತ. ಆಮೇಲೆ ಎಲ್ಲಿ ಹೋಯಿತೋ. ಇರಲಿ.

ಸಿಟ್ಟಿನಲ್ಲಿ ಪಂಥ ಕಟ್ಟಿದೆ. ಚೀಲದ ಅಂಚು ನೋಡಿದರೆ ಯಾವ ಮನೆಯ ಕೈ ಅಂತ ಹೇಳಬಲ್ಲೆ. ಪ್ರತಿ ಮನೆಗೂ ಒಂದೊಂದು ಮಡಿಕೆ, ತಾಯಿಯಿಂದ ಮಗಳಿಗೆ. ನಮ್ಮದು ಒಳಕ್ಕೆ ಮಡಿಸಿ ಎಡಕ್ಕೆ. "ನಮ್ಮನೆ ಮಡಿಕೆ ಅಲ್ಲ ಅಂತಾದ್ರೆ ಪಾರ್ಟು ನಮ್ಮನೆಯಿಂದ ತೆಗೀಬೇಕು. ಅಪ್ಪನ ಹೆಸರನ್ನ ಮೈಕಲ್ಲಿ ಬೈಯೋದು ನಿಲ್ಲಿಸ್ಬೇಕು."

"ನಿಮ್ಮನೇದೇ ಆಗಿದ್ರೆ?" ಪ್ರಿಮಿತಿವಾ.

"ನಾನೇ ಹಾಕ್ಕೋತೀನಿ. ಮುಂದಿನ ಸಾಲಲ್ಲಿ ನಿಂತು ಹೊಡಿ."

ಮೇಷ್ಟ್ರು ಬೆರಳೆತ್ತಿ "ಅಂಗೀಕಾರ" ಅಂದರು.

ಆಗಸ್ಟ್ 12, ಶುಕ್ರವಾರ

ಚೀಲ ಬಂತು. ಮೆರವಣಿಗೆಯಲ್ಲಿ, ಪ್ರಿಮಿತಿವಾಳ ಕಾವಲಿನಲ್ಲಿ. ನನ್ನ ಕತ್ತರಿಯ ತುಕ್ಕು ನೋಡಿ ಮೂಗು ಮುರಿದು ತನ್ನದನ್ನು ಮೇಜಿನ ಮೇಲೆ ಕುಕ್ಕಿದಳು.

"ಇದಾದ್ರೂ ವಾಪಸ್ ಬರ್ಲಿ."

"ರಸೀದಿ ಬರೆದು ಕೊಡ್ಲಾ, ಮನಾಂಗ್?"

"ನಿನ್ನ ಅಕ್ಷರ ನಂಬೋಳಲ್ಲ ನಾನು."

ಪರಂಗಿ: ಹದಿಮೂರು.

ಆಗಸ್ಟ್ 13, ಶನಿವಾರ, ಬೆಳಗ್ಗೆ

ಹೊರಕ್ಕೆ ಮಡಿಸಿ ಬಲಕ್ಕೆ!

ಕನ್ನಡಕ ಒರೆಸಿ ನೋಡಿದೆ. ತಿರುಗಿಸಿ ನೋಡಿದೆ. ನಮ್ಮ ಕೈ ಅಲ್ಲವೇ ಅಲ್ಲ. ಹಾಗಾದರೆ ಯಾರದ್ದು? ಹೊರಕ್ಕೆ-ಬಲಕ್ಕೆ ಮಡಿಸುತ್ತಿದ್ದ ಮನೆ ಲಿನಾವ್‌ನಲ್ಲಿ ಒಂದೇ... ಪ್ರಿಮಿತಿವಾಳ ಅಮ್ಮನದು!

ಕುಣಿದೆ. ಮೊಣಕಾಲು ಆಕ್ಷೇಪಿಸಿತು. ಲೆಕ್ಕಿಸಲಿಲ್ಲ. ಐವತ್ತು ವರ್ಷ ಉಗಿಸಿಕೊಂಡದ್ದಕ್ಕೆ ಬಡ್ಡಿ ಸಮೇತ. ನಾಳೆಯೇ ಹೇಳಲೇ? ಬೇಡ. ಇಪ್ಪತ್ತೊಂದರ ಭಾನುವಾರ ಪಟ್ಟಣದಿಂದಲೂ ಜನ ಬರುತ್ತಾರೆ. ತುಂಬಿದ ಸಭೆಯಲ್ಲಿ ಹೇಳಬೇಕು. ಭಾಷಣ ಶುರುಮಾಡಿದೆ: "ಪ್ರಿಯ ಬಂಧುಗಳೇ, ಈ ದ್ವೀಪದ ಅತ್ಯಂತ ದೊಡ್ಡ ಬಾಯಿಯ ಮನೆಯಲ್ಲಿ..."

ಆಗಸ್ಟ್ 14, ಭಾನುವಾರ

ಚರ್ಚಿನಲ್ಲಿ ಪ್ರಿಮಿತಿವಾಳನ್ನು ನೋಡಿ ನಕ್ಕೆ. ಅವಳು ಹೆದರಿದಳು. ಐವತ್ತು ವರ್ಷದಲ್ಲಿ ಮೊದಲ ನಗು.

ಆಗಸ್ಟ್ 16, ಮಂಗಳವಾರ

ಗರಿ ಮೆತ್ತಗಾಗಲಿ ಅಂತ ಚೀಲವನ್ನು ಅಕ್ಕಿ ತೊಳೆದ ನೀರಿನಲ್ಲಿ ನೆನೆಸಿದೆ. ಮಸಿ ಬಿಟ್ಟಿತು. ಕಣ್ಣಿನ ತೂತುಗಳಿಗೆ ಒಳಗಿನಿಂದ ಬಟ್ಟೆಯ ಪಟ್ಟಿ ಸುತ್ತಿ ಹೊಲಿದಿದ್ದಾರೆ. ಕತ್ತರಿಸಿದ ಗರಿ ಗರಗಸದಂತೆ. ಕಣ್ಣ ರೆಪ್ಪೆ ಗೀರುತ್ತದೆ. ಗೀರಬಾರದು ಅಂತ ಯಾರೋ ಕೂತು ಹೊಲಿದಿದ್ದಾರೆ. ಸಣ್ಣ ಸಣ್ಣ ಹೊಲಿಗೆ.

ಮಸಿ ಹೋದ ಮೇಲೆ ಬಟ್ಟೆಯ ಬಣ್ಣ ಕಂಡಿತು. ನೀಲಿ ಚೌಕಳಿ, ನಡುವೆ ಹಳದಿ ಎಳೆ.

ಆಗಸ್ಟ್ 20, ಶನಿವಾರ

ಬರೆಯಲೇಬೇಕಾದರೆ ಇಷ್ಟು.

ನನ್ನ ದಿಂಬಿನ ಹೊದಿಕೆ ಅಮ್ಮ ಉಡುತ್ತಿದ್ದ ಬಟ್ಟೆಯದು. ನೀಲಿ ಚೌಕಳಿ, ಹಳದಿ ಎಳೆ. ಅವಳೇ ಮಗ್ಗದಲ್ಲಿ ನೇಯ್ದದ್ದು; ಹಳದಿ ಮುಗಿದುಹೋಗಿ ಒಂದು ಕಡೆ ಎರಡೆಳೆಯ ಬದಲು ಒಂದೇ ಹಾಕಿದ್ದಳು. ಅಂಥದ್ದು ಇನ್ನೊಂದಿಲ್ಲ. ಅದರ ಒಂದು ತುದಿಯಲ್ಲಿ ಎರಡು ಬೆರಳಗಲದ ಪಟ್ಟಿ ಇಲ್ಲ. ಚಿಕ್ಕವಳಿದ್ದಾಗ ಕೇಳಿದ್ದೆ. "ಇಲಿ ತಿಂತು" ಅಂದಿದ್ದಳು. ಕತ್ತರಿ ಹಿಡಿದು, ನೇರವಾಗಿ ತಿಂದ ಇಲಿ.

ಬಿಚ್ಚದೆಯೇ, ಚೀಲದ ಸಮೇತ, ಪಟ್ಟಿಯನ್ನು ಹೊದಿಕೆಯ ಪಕ್ಕ ಇಟ್ಟು ನೋಡಿದೆ. ಒಂಟಿ ಎಳೆ ಒಂಟಿ ಎಳೆಗೆ ಬಂದು ಕೂತಿತು.

ಪ್ರಿಮಿತಿವಾಳ ಅಮ್ಮನ ಚೀಲ. ಗೆಣಸು ಬಂದದ್ದು. ಗೋಡೆಗೆ ನೇತುಹಾಕಿದ್ದು. ಎಲ್ಲಿ ಹೋಯಿತೋ ಅಂದೆನಲ್ಲ...

ಆ ಜ್ವರ. ಏಳು ವರ್ಷದವಳು ನಾನು. ಅಪ್ಪ ಕಹಿ ಮಾತ್ರೆ ತಂದಿದ್ದ, ಕ್ವಿನೈನ್. ಜಪಾನಿ ಠಾಣ್ಯ ಬಿಟ್ಟರೆ ದ್ವೀಪದಲ್ಲಿ ಬೇರೆಲ್ಲೂ ಇರಲಿಲ್ಲ. ಹೆಂಡಕ್ಕೆ ಬದಲಾಗಿ ಕೊಟ್ಟಿರಬೇಕು ಅಂದುಕೊಂಡಿದ್ದೆ. ಮೊನ್ನೆ ಮೊನ್ನೆಯವರೆಗೂ.

ಆಗಸ್ಟ್ 21, ಭಾನುವಾರ

ತುಂಬಿದ ಸಭೆ. ಮೇಷ್ಟ್ರು ಬೆರಳೆತ್ತಿದರು. "ಕೆಲಸ ಮುಗಿದಿಲ್ಲ" ಅಂದೆ. ಕೂತೆ.

ಆಗಸ್ಟ್ 25, ಗುರುವಾರ, ಮಧ್ಯಾಹ್ನ

ಪ್ರಿಮಿತಿವಾ ಬಾಗಿಲು ತಟ್ಟದೆ ಒಳಗೆ ಬಂದಳು. ಅದು ಅವಳ ಪದ್ಧತಿ.

"ನಾಳೆ ಆಟ. ಹೇಳು, ಯಾರ ಕೈ?"

ಕಣ್ಣಿನ ತೂತುಗಳ ಮೇಲೆ ಅಂಗೈ ಇಟ್ಟುಕೊಂಡು ಅಂಚು ಮಾತ್ರ ತೋರಿಸಿದೆ. "ನಿಮ್ಮಮ್ಮಂದು."

ಕೂಗಾಡುತ್ತಾಳೆ ಅಂದುಕೊಂಡೆ. ಕೂಗಲಿಲ್ಲ. ಬಗ್ಗಿ, ಒಂದು ಬೆರಳಿನಿಂದ ಅಂಚನ್ನು ಸುತ್ತ ಸವರಿದಳು. ಗಾಜಿನಾಚೆ ಐವತ್ತು ವರ್ಷ ಇದಕ್ಕೆ ಉಗಿದವಳು, ಇವತ್ತೇ ಮೊದಲು ಮುಟ್ಟಿದ್ದು.

"ಹೌದು. ಅಮ್ಮಂದೇ." ಅಂಚಿನಿಂದ ಬೆರಳು ತೆಗೆದಳು. "ಹಾಗಾದ್ರೆ ನಮ್ಮಮ್ಮನೇ ಕೊಟ್ಲು ಅಂತೀಯಾ ಅವನಿಗೆ? ನಮ್ಮಪ್ಪನ್ನ ತೋರ್ಸೋಕೆ?"

"ನಾನೇನೂ ಅಂದಿಲ್ಲ."

"ನೀನು ಅನ್ಬೇಕಾಗಿಲ್ಲ. ಊರು ಅನ್ನುತ್ತೆ. ನನಗೆ ಗೊತ್ತಿಲ್ವಾ ಊರು? ಐವತ್ತು ವರ್ಷ ನಾನೇ ಅಲ್ವಾ ಊರು!" ಬಾಗಿಲಲ್ಲಿ ನಿಂತಳು. "ಗೆದ್ದೆ. ಖುಷಿಪಡು, ಸಿಯೋನ್."

ಗೆಣಸಿನ ಚೀಲ ಅವಳಿಗೆ ನೆನಪಾಗಲಿಲ್ಲ. ಐವತ್ತು ವರ್ಷ ದಿನಾ ನೆನೆದವಳಿಗೆ ಇವತ್ತು ನೆನಪಾಗಲಿಲ್ಲ.

ಅವಳು ಹೋದಳು. ಕತ್ತರಿ ಇಲ್ಲೇ ಇದೆ. ಹರಿತವಾದದ್ದು. ಎಂಟು ಹೊಲಿಗೆ ಒಂದು ತೂತಿಗೆ, ಒಂಬತ್ತು ಇನ್ನೊಂದಕ್ಕೆ. ಬಿಚ್ಚಿ ಒಲೆಗೆ ಹಾಕಿದರೆ ಐದು ನಿಮಿಷದ ಕೆಲಸ. ಅಪ್ಪ ಮೈಕಿನಿಂದ ಇಳಿಯುತ್ತಾನೆ. ಅವಳ ಅಮ್ಮ ಹತ್ತುತ್ತಾಳೆ.

ಆಗಸ್ಟ್ 26, ಶುಕ್ರವಾರ, ಮಧ್ಯಾಹ್ನ ಎರಡು ಗಂಟೆ

ನೆತ್ತಿ ರಿಪೇರಿ ಆಯಿತು. ಅಚ್ಚುಕಟ್ಟಾಗಿದೆ, ನಾನೇ ಹೇಳಿಕೊಳ್ಳಬೇಕು. ಹಾಕಿಕೊಂಡು ನೋಡಿದೆ. ರೆಪ್ಪೆಗೆ ಗೀರುವುದಿಲ್ಲ. ಮೆತ್ತಗಿದೆ. ಅಮ್ಮ, ಇಷ್ಟು ಮೆತ್ತಗೆ ಯಾಕೆ ಹೊಲಿದೆ?

ಭಾಷಣ ಹರಿದು ಹಾಕಿದೆ. ಮೈಕಿನಲ್ಲಿ ಹೇಳಬೇಕಾದ್ದು ಮೂರೇ ಮಾತು. ಚೀಲ ಪ್ರಿಮಿತಿವಾಳ ಅಮ್ಮನದು. ಗೆಣಸು ತುಂಬಿ ನಮ್ಮ ಮನೆಗೆ ಬಂದದ್ದು. ಇಗೋ, ಕಣ್ಣಿನ ಹೊಲಿಗೆ ನಮ್ಮಮ್ಮನದು. ಆಮೇಲೆ ತಲೆಗೆ ಹಾಕಿಕೊಳ್ಳುತ್ತೇನೆ. ಮಡಿಕೆ ನಮ್ಮದಲ್ಲ, ಹೊಲಿಗೆ ನಮ್ಮದು; ಪಂಥ ಪಂಥವೇ. ಮುಂದಿನ ಸಾಲಲ್ಲಿ ನಿಂತು ಹೊಡಿ ಅಂತ ನಾನೇ ಹೇಳಿದ್ದು.

ಡೋಲು ಕೇಳುತ್ತಿದೆ. ಕರೆಯಲು ಬರುತ್ತಿದ್ದಾರೆ.

ಪರಂಗಿ ಕಳ್ಳ ಮಹಾಶಯರೇ, ಹಿತ್ತಲು ಬಾಗಿಲಿನಿಂದ ಬರುವವರು ಈ ಪುಸ್ತಕವನ್ನೂ ತಿರುವಿಹಾಕುತ್ತೀರಿ ಅಂತ ನನಗೆ ಅನುಮಾನ. ಪುಟಕ್ಕೆ ಪರಂಗಿ ಹಾಲಿನ ಕಲೆ ಇದೆ. ಆಗಲಿ, ಒಂದು ಉಪಕಾರ ಮಾಡಿ. ಆಟ ಮುಗಿದ ಮೇಲೆ ನನಗೆ ಬೇಲಿ ದಾಟುವ ಧೈರ್ಯ ಇರುತ್ತದೋ ಇಲ್ಲವೋ. ಚೀಲವನ್ನು ತೊಳೆದು ಪ್ರಿಮಿತಿವಾಳಿಗೆ ತಲುಪಿಸಿ. ಖಾಲಿ ಕೊಡಬೇಡಿ. ಮರದಲ್ಲಿ ಕೆಳಗಿನ ಎರಡು ಹಣ್ಣಾಗಿವೆ, ಅವನ್ನು ಹಾಕಿ. ಕತ್ತರಿ ಕಿಟಕಿಯಲ್ಲಿದೆ. ಅದನ್ನೂ ಹಾಕಿ. ಬಳಸಿಲ್ಲ ಅಂತ ಅವಳಿಗೆ —