ಫಾರಂನಲ್ಲಿ ಇಲ್ಲದ ಹೆಂಡತಿ

12-6-1958

ನೋಡಿ,

ಬೆಳಗಿನ ಬಸ್ಸಿಗೆ ಸಂಪಾಜೆಗೆ, ಅಪ್ಪನ ಮನೆಗೆ ಹೊರಟಿದ್ದೇನೆ. ರೊಟ್ಟಿ ಮುಚ್ಚಿಟ್ಟಿದ್ದೇನೆ. ಸಾರು ಬಿಸಿ ಮಾಡಿಕೊಳ್ಳಿ.

ಅಂಗಡಿ ತೆರೆಯುವ ಮೊದಲು ತೆರಿಗೆ ಆಫೀಸಿಗೆ ಹೋಗಿ. ಮದುವೆಯಾದವರಿಗೆ ರಿಯಾಯಿತಿ ಉಂಟಂತೆ, ನೀವು ಕೇಳಿಯೇ ಇಲ್ಲವಂತೆ. ತಿದ್ದಿ ಕೊಟ್ಟರೆ ಈಗಲೂ ಸಿಗುತ್ತದೆ ಎಂದು ನಿಮ್ಮ ಲೆಕ್ಕ ನೋಡುವ ಕೂಸಪ್ಪ ನಿನ್ನೆ ಬಂದು ಹೇಳಿದ. ಫಾರಂ ತೋರಿಸಿ, "ಇದೆಂತ ಅತ್ತಿಗೆ, ಅಣ್ಣ ಹೆಂಡತಿ ಇಲ್ಲ ಅಂತ ಬರ್ದಿದ್ದಾರಲ್ಲ?" ಎಂದ. ಕಾಫಿ ಲೋಟ ಅವನ ಮುಂದಿಟ್ಟು ಫಾರಂ ನಾನೇ ಓದಿ ನೋಡಿದೆ.

ನನಗಿಂತ ಮೊದಲು ನಿಮ್ಮ ಹೆಂಡತಿಯಾಗಿದ್ದ ಬೊಳ್ಳಕ್ಕ ತೀರಿಕೊಂಡ ವರ್ಷ ನೀವು ಹಾಗೆ ಬರೆದದ್ದು ಸರಿ. ನನ್ನನ್ನು ಮದುವೆಯಾಗಿ ಈ ಮನೆಗೆ ಕರೆತಂದ ಮೇಲೂ ಹಳೆಯ ಫಾರಂ ನೋಡಿಕೊಂಡು ಅದನ್ನೇ ಬರೆದಿದ್ದೀರಿ. ನಿನ್ನೆ ರಾತ್ರಿ ಕೇಳಿದರೆ "ಮರ್ತೇ ಹೋಯ್ತು ಮಾರಾಯ್ತಿ" ಎಂದಿರಿ. ಅಕ್ಕನ ಫೋಟೋಗೆ ಹೂವಿಡುವುದನ್ನು ಮಾತ್ರ ನೀವು ಒಂದು ದಿನವೂ ಮರೆತದ್ದಿಲ್ಲ. ಅದಕ್ಕೆ ನನಗೆ ಬೇಸರವಿಲ್ಲ. ಇವತ್ತಿನ ಹೂವನ್ನೂ ನಾನೇ ಕೊಯ್ದಿಟ್ಟಿದ್ದೇನೆ, ಬುಟ್ಟಿಯಲ್ಲಿದೆ.

ಉಳಿಯುವ ದುಡ್ಡು ನೀವೇ ಇಟ್ಟುಕೊಳ್ಳಿ. ಹೆಂಡತಿ ಇದ್ದಾಳೆ ಎಂದು ಬರೆದ ಮೇಲೆ ಕರೆಯಲು ಬನ್ನಿ, ಹಿಂದಿನ ಮಾತು ಎತ್ತದೆ ಹೊರಡುತ್ತೇನೆ. ಬರೆಯಲು ಮನಸ್ಸಿಲ್ಲದಿದ್ದರೆ ಬರಬೇಡಿ. ಆ ಫಾರಂ ಇದ್ದ ಹಾಗೆಯೇ ನಿಜವಾಗಲಿ.

ತಂಗಮ್ಮ