ಗಾಳಿ ನಿಲ್ಲದ ಗಾಡಿ

ಜನವರಿ 7, ಮಂಗಳವಾರ. ಬೆಳಿಗ್ಗೆ

ಇವತ್ತೂ ಗಾಡಿ ಇಳಿದಿದೆ. ಮುಂದಿನ ಎಡಗಡೆ ಮಾತ್ರ. ಟಯರು ಮಡ್‌ಗಾರ್ಡಿನ ಒಳಗೆ ಹೂತುಹೋಗಿತ್ತು, ಒಂದು ಬೆರಳೂ ತೂರುವುದಿಲ್ಲ. ಉಳಿದ ಮೂರು ಮೂಲೆ ಸರಿ ಇವೆ. ಸ್ಟಾರ್ಟ್ ಮಾಡಿದೆ. ಕಂಪ್ರೆಸರ್ ಗುರ್ರೆಂದು ಗಾಳಿ ತುಂಬಿತು, ನಿಧಾನಕ್ಕೆ ಎದ್ದಿತು.

ಇವರು ಒಳಗಿನಿಂದ, ಮಂಚದಲ್ಲೇ — "ವೇದಾ, ಕಂಪ್ರೆಸರ್ ಜಾಸ್ತಿ ಹೊತ್ತ್ ಓಡ್ತಿತ್ತಲೆ. ನಿನ್ನಿಗಿಂತ ಜಾಸ್ತಿ."

"ಅಲ್ಲಿಗೆ ಕೇಂತಾ ನಿಮ್ಗೆ?"

"ನಾನ್ ಓಡ್ಸಿದ್ ಗಾಡಿ. ಕೇಣ್ದೆ ಇರತ್ತಾ?"

ಮುಂಬಯಿಯಲ್ಲಿ ಇವರು ಡ್ರೈವರ್ ಆಗಿದ್ದಾಗಿನ ಗಾಡಿ. ಹೋಟೆಲಿನ ಯಜಮಾನರು ಹೊಸದು ತಗೊಂಡಾಗ ಇದನ್ನು ಇವರಿಗೇ ಬಿಟ್ಟುಕೊಟ್ಟರು. ಊರಿಗೆ ತಂದ ಮೇಲೆ ಬೀಜಾಡಿಯ ಕಡಲ ಉಪ್ಪುಗಾಳಿ ಅದಕ್ಕೆ ಹಿಡಿಸಲಿಲ್ಲ. ಇವರಿಗೆ ಈಗ ಕ್ಯಾನ್ಸರ್ ಬೆನ್ನುಮೂಳೆಗೆ ಬಂದಿದೆ. ರೇಡಿಯೇಶನ್‌ಗೆ ಮಣಿಪಾಲ. ಹೋದ ತಿಂಗಳು ಆಂಬ್ಯುಲೆನ್ಸಿನಲ್ಲಿ ಕರೆದೊಯ್ದೆ — ರಸ್ತೆಯ ಪ್ರತಿ ಉಬ್ಬಿಗೂ ಟವೆಲ್ ಕಚ್ಚಿಕೊಂಡರು. ಈ ಗಾಡಿಯಲ್ಲಾದರೆ ಹಿಂದಿನ ಸೀಟು ಮಡಚಿ ಹಾಸಿಗೆ ಹಾಕಿದರೆ ಸಾಕು, ಕೋಟ ದಾಟುವುದರೊಳಗೆ ನಿದ್ದೆ. ಚಕ್ರದ ಮೇಲೆ ಸ್ಪ್ರಿಂಗ್ ಇಲ್ಲ ಇದಕ್ಕೆ. ಗಾಳಿ ತುಂಬಿದ ರಬ್ಬರ್ ಚೀಲ. ಅದಕ್ಕೇ ತೇಲುತ್ತದೆ.

ಆ ಗಾಳಿಯೇ ಈಗ ಸೋರುತ್ತಿರುವುದು.

ಜನವರಿ 8

ಪಾಠಕ್ಕೆ ಹೋಗಲಿಲ್ಲ, ಶಾಲೆಗೆ ರಜೆ ಹಾಕಿದೆ. ಬಕೆಟ್ಟಿನಲ್ಲಿ ಸೋಪಿನ ನೀರು, ಹಳೆಯ ಪೇಂಟ್ ಬ್ರಶ್. ಪೈಪ್ ಕೂಡುವಲ್ಲಿ ಹಚ್ಚಿದೆ. ಚೀಲಕ್ಕೆ ಸುತ್ತಲೂ ಹಚ್ಚಿದೆ. ಒಂದು ಗುಳ್ಳೆ ಇಲ್ಲ. ಸೀರೆ ಒದ್ದೆಯಾದದ್ದಷ್ಟೇ.

ಒಳಗೆ ಹೋಗಿ ಹೇಳಿದರೆ ಬೈದರು. "ಎತ್ರದಲ್ಲಿ ನಿಲ್ಸ್ಕಂಡ್ ಹುಡ್ಕಿರೆ ಸಿಕ್ಕುದಿಲ್ಲೆ ಮಾರಾಯ್ತಿ. ಇಳ್ಸಿ ಕಾಣ್. ರಬ್ಬರ್ ಮಡ್ಚುವಲ್ಲಿ ಬಾಯಿ ಬಿಡತ್ತ್. ಮೊದ್ಲ್ ಗಾಡಿ ಅಡಿಗೆ ಮರದ್ ದಿಮ್ಮಿ ಕೊಡ್. ಕೊಡ್ದೆ ಕೈ ಹಾಕ್ಬೇಡ!"

ದಿಮ್ಮಿ ಕೊಟ್ಟೆ. ಇಳಿಸಿದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಅಂಗಾತ ಮಲಗಿ, ಮೊಬೈಲ್ ಟಾರ್ಚ್ ಹಿಡಿದೆ. ಮಡಿಕೆಯ ಸಂದಿನಲ್ಲಿ ಸಾಸಿವೆಯಷ್ಟು ಗುಳ್ಳೆ. ಒಡೆಯಿತು. ಮತ್ತೊಂದು. ಮತ್ತೆ...

ವಿಡಿಯೋ ತೋರಿಸಿದೆ. ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು. "ಸಿಕ್ದ ಕಳ್ಳ!" ಎಂದು ನಕ್ಕರು. ನಗುವಾಗ ಬೆನ್ನು ಹಿಡಿಯಿತು.

ಜನವರಿ 11, ಶನಿವಾರ

ಕುಂದಾಪುರ. ಪ್ರವೀಣನ ಗ್ಯಾರೇಜು. ಲಿಫ್ಟಿಗೆ ಏರಿಸಿ ನೋಡಿದ.

"ಅಕ್ಕಾ, ಈ ಮಾಡೆಲ್ಲಿಗೆ ಚೀಲ ಈಗ ಬತ್ತಿಲ್ಲೆ. ಕಾಯಿಲ್ ಸ್ಪ್ರಿಂಗ್ ಹಾಕ್ವ. ಮತ್ತೆ ಜನ್ಮದಲ್ಲ್ ಇಳುದಿಲ್ಲೆ."

"ಹಾರ್ಡ್ ಆತ್ತಲ್ದಾ?"

"ಆತ್ತ್. ಜೀಪಿನ್ ಹಾಂಗೆ."

"ಬ್ಯಾಡ."

ಯಾಕೆಂದು ಅವನಿಗೂ ಗೊತ್ತು. ಕೈ ಒರೆಸಿಕೊಂಡ. ಬೈಂದೂರಿನ ಒಂದು ಶೆಡ್ಡಿನಲ್ಲಿ ಇದೇ ಮಾಡೆಲ್ ಆಕ್ಸಿಡೆಂಟ್ ಆಗಿ ನಿಂತಿದೆಯಂತೆ. ಅದರದ್ದು ಸರಿ ಇದ್ದರೆ ಬಿಚ್ಚಿ ತರಬಹುದು. "ಅಷ್ಟರ್ ತನ್ಕ ಕಂಪ್ರೆಸರ್ ಕಾಣಿ ಅಕ್ಕ. ಸೋರ್ದ್ ಗಾಳಿ ತುಂಬ್ಸಿ ತುಂಬ್ಸಿ ಅದೇ ಸುಟ್ಟ್ ಹೋತ್ತ್."

ಜನವರಿ 16

ಬೈಂದೂರಿಗೆ ಹೋಗಿ ಬಂದೆವು, ಪ್ರವೀಣನ ಓಮ್ನಿಯಲ್ಲಿ. ಆ ಗಾಡಿಯ ಬಲಮಗ್ಗುಲು ಅಪ್ಪಚ್ಚಿಯಾಗಿದೆ. ಎಡಗಡೆ ಗೀರೂ ಇಲ್ಲ. ಚೀಲ ಬಿಚ್ಚಿದ. ಕೈಯಲ್ಲಿ ಹಿಡಿದು ನೋಡಿದೆ — ಹೊಸದರಂತೆ ಕಪ್ಪಗೆ, ಮೆತ್ತಗೆ. ದೇವರೇ ಅಂದುಕೊಂಡೆ.

ಪ್ರವೀಣ ಗಾಳಿ ತುಂಬಿಸಿ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿದ. ಮಡಿಕೆಯಿಂದ ಗುಳ್ಳೆ, ಸಾಲಾಗಿ. ನಮ್ಮದು ಸೀಳಿದ ಜಾಗದಲ್ಲೇ.

"ಇದ್ಕೂ ಅಷ್ಟೇ ವಯಸ್ಸಲೆ ಅಕ್ಕಾ..."

ವಾಪಸ್ಸು ಬರುವಾಗ ತ್ರಾಸಿಯಲ್ಲಿ ಚಹಾಕ್ಕೆ ನಿಲ್ಲಿಸಿದ. ಕುಡಿಯಲಾಗಲಿಲ್ಲ. ಮುಂಬಯಿಯಲ್ಲಿ ಚೀಲಕ್ಕೆ ಹೊಸ ರಬ್ಬರ್ ಕೂರಿಸುವವರಿದ್ದಾರೆ, ವಿಚಾರಿಸುತ್ತೇನೆ ಎಂದ. ವಿಚಾರಿಸು ಎಂದೆ. ಮನೆಗೆ ಬಂದಾಗ ಇವರು ನನ್ನ ಮುಖ ನೋಡಿ ಕಣ್ಣು ಮುಚ್ಚಿಕೊಂಡರು.

ಜನವರಿ 24, ಶುಕ್ರವಾರ

ನಿನ್ನೆಯದು. ನಿನ್ನೆ ಬರೆಯಲು ಆಗಲಿಲ್ಲ.

ಇವರನ್ನು ಹಿಂದೆ ಮಲಗಿಸಿಕೊಂಡು ಮಣಿಪಾಲಕ್ಕೆ ಹೊರಟಿದ್ದೆ. ಬ್ರಹ್ಮಾವರದ ಸರ್ವಿಸ್ ರಸ್ತೆ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ. ಸುಟ್ಟ ವಾಸನೆ. ಗಾಡಿಯ ಮೂತಿ ಮೆಲ್ಲಗೆ ಕೆಳಗೆ ಹೋಯಿತು. ಇಂಜಿನ್ ಆಫ್ ಮಾಡಿ ಆನ್ ಮಾಡಿದೆ — ಕಂಪ್ರೆಸರ್ ಸದ್ದೇ ಇಲ್ಲ. ಆಮೇಲೆ ರಸ್ತೆಯ ಒಂದೊಂದು ಕಲ್ಲೂ ನೇರ ಒಳಗೆ.

ಹಿಂದಿನಿಂದ ಸಣ್ಣ ಸದ್ದು. ಕೂಗಲ್ಲ. ಕೂಗು ನುಂಗುವ ಸದ್ದು.

"ನಿಲ್ಸ್ತೆ" ಎಂದೆ.

"ನಿಲ್ಸ್ಬೇಡ... ನಿಲ್ಸಿರೆ ಮತ್ತೆ ಹೊರ್ಡುಕ್ ಆತಿಲ್ಲೆ ನಂಗೆ."

ನಡೆಯುವವರ ವೇಗದಲ್ಲಿ ಓಡಿಸಿದೆ. ಹಿಂದೆ ಬಸ್ಸುಗಳ ಹಾರನ್. ಒಬ್ಬ ಪಕ್ಕದಲ್ಲಿ ಬಂದು ಬೈದು ಹೋದ. ಉಡುಪಿ ಬರುವಷ್ಟರಲ್ಲಿ ನನ್ನ ಕೆಳದುಟಿ ಕಚ್ಚಿ ರಕ್ತ ಬಂದಿತ್ತು. ಗೊತ್ತೇ ಆಗಲಿಲ್ಲ.

ಆಸ್ಪತ್ರೆಯಲ್ಲಿ ಇವರನ್ನು ಒಳಗೆ ಕರೆದೊಯ್ದ ಮೇಲೆ ಡಾಕ್ಟರು ನನ್ನನ್ನು ಹೊರಗೆ ಕರೆದರು. ಹೊಸ ಸ್ಕ್ಯಾನ್ ತೋರಿಸಿದರು. ಇನ್ನು ರೇಡಿಯೇಶನ್ ಬೇಡ, ಪ್ರಯೋಜನವಿಲ್ಲ. ಮನೆಯಲ್ಲೇ ಇರಲಿ, ನೋವಿಗೆ ಔಷಧಿ ಬರೆದುಕೊಡುತ್ತೇನೆ. ಅವರಿಗೆ ನಾನು ಹೇಳಲೇ ಎಂದರು. ಬೇಡ, ನಾನೇ ಹೇಳುತ್ತೇನೆ ಎಂದೆ.

ಸಂಜೆ ಅಲ್ಲಿಂದಲೇ ಆಂಬ್ಯುಲೆನ್ಸಿನಲ್ಲಿ ವಾಪಸ್ಸು, ಇಂಜೆಕ್ಷನ್ ಕೊಟ್ಟು ಮಲಗಿಸಿ. ಗಾಡಿಯನ್ನು ಪ್ರವೀಣ ಎಳೆಸಿಕೊಂಡು ಹೋದ.

ಹೇಳಿಲ್ಲ ಇನ್ನೂ.

ಫೆಬ್ರವರಿ 2

ಪ್ರವೀಣನ ಫೋನು. ನಮ್ಮ ಚೀಲ ಮುಂಬಯಿ ಬಸ್ಸಿಗೆ ಹಾಕಿದ್ದನಂತೆ, ಹೊಸ ರಬ್ಬರ್ ಕೂತು ಬಂದಿದೆಯಂತೆ. ಕಂಪ್ರೆಸರ್ ಕೂಡ ರಿಪೇರಿ ಆಗಿದೆ. "ಜೋಡ್ಸ್ಲಾ ಅಕ್ಕಾ?"

ಬೇಡ ಎನ್ನಲು ಬಾಯಿ ಬರಲಿಲ್ಲ. ದಿನಕ್ಕೆರಡು ಸಲ ಇವರು ಕೇಳುವುದು ಅದೊಂದೇ — "ಪ್ರವೀಣ ಫೋನ್ ಮಾಡ್ದ್ನಾ?" ಊಟ ಕೇಳುವುದಿಲ್ಲ. ಮಣಿಪಾಲದಿಂದ ಯಾಕೆ ಕರೆ ಬಂದಿಲ್ಲ ಎಂದೂ ಕೇಳುವುದಿಲ್ಲ. ಗಾಡಿ ಇಲ್ಲದ್ದಕ್ಕೇ ಹೋಗುತ್ತಿಲ್ಲ ಎಂದುಕೊಂಡಿದ್ದಾರೆ. ಹಾಗೆ ಅಂದುಕೊಳ್ಳಲು ನಾನೇ ಬಿಟ್ಟಿದ್ದೇನೆ.

ಫೆಬ್ರವರಿ 9, ಭಾನುವಾರ

ಗಾಡಿ ಬಂತು. ಪ್ರವೀಣನೇ ಓಡಿಸಿಕೊಂಡು ಬಂದ. ಅಂಗಳದಲ್ಲಿ ಇಳಿಸಿ, ಏರಿಸಿ, ಮಡಿಕೆಗೆಲ್ಲ ಸೋಪಿನ ನೀರು ಹಚ್ಚಿ ತೋರಿಸಿದ. ಗುಳ್ಳೆ ಇಲ್ಲ. ಇವರು ಕಿಟಕಿಯ ಕಡೆ ಕಿವಿ ಕೊಟ್ಟು ಮಲಗಿದ್ದರು. ಕಂಪ್ರೆಸರ್ ಓಡಿ, ಚಟ್ಟೆಂದು ನಿಂತಿತು. "ಹ್ಞಾ... ಈಗ ಸರಿ" ಎಂದರು.

ಸ್ವರ ತೀರಾ ಇಳಿದಿದೆ. ಬಗ್ಗಿ ಕೇಳಬೇಕು.

ಫೆಬ್ರವರಿ 10, ಸೋಮವಾರ. ಬೆಳಿಗ್ಗೆ

ಇಳಿದಿಲ್ಲ. ರಾತ್ರಿಯಿಡೀ ನಿಂತೂ ಇಳಿದಿಲ್ಲ. ಗಾಡಿಯ ಸುತ್ತ ಸುಮ್ಮನೆ ಎರಡು ಸುತ್ತು ಬಂದೆ. ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತೆ. ಅಳು ಬರಬಹುದು ಅಂದುಕೊಂಡಿದ್ದೆ, ಬರಲಿಲ್ಲ.

"ಇಳ್ದಿತಾ?"

"ಇಲ್ಲೆ."

"ಒಂಚೂರೂ?"

"ಒಂಚೂರೂ ಇಲ್ಲೆ."

ಮುಖ ಅರಳಿತು. ಎಷ್ಟು ದಿನವಾಗಿತ್ತು ಹಾಗೆ ನೋಡಿ. "ಹಂಗಾರೆ ಇವತ್ತೇ ಹೋಪ. ಡಾಕ್ಟ್ರ್ ಎದ್ರಿಗೆ ಹೀಂಗೇ ಹೋಪುದಾ? ಗಡ್ಡ ತೆಗಿ."

ಬಿಸಿನೀರು ತಂದೆ. ಕ್ರೀಮು ಹಚ್ಚಿದೆ. ಬಲಗೆನ್ನೆ ಮುಗಿಯಿತು. ನೀರು ಆರಿದೆ, ಬೇರೆ ತರುತ್ತೇನೆ ಎಂದು ಹೇಳಿ ಅಡುಗೆಮನೆಗೆ ಬಂದಿದ್ದೇನೆ. ನೀರು ಕಾದಾಗಿದೆ. ಇಲ್ಲಿ ನಿಂತು ಇದನ್ನು ಬರೆಯುತ್ತಿದ್ದೇನೆ.

ಕರೆಯುತ್ತಿದ್ದಾರೆ. "ವೇದಾ, ಬಿಸ್ಲ್ ಏರುದ್ರೊಳ್ಗೆ ಹೊರ್ಡ್ವ..."

ಈಗ ಹೋಗಿ, ಇನ್ನೊಂದು ಕೆನ್ನೆ ಮುಗಿಸಿ, ಆಮೇಲೆ ಡಾಕ್ಟರು ಅಂದದ್ದನ್ನು —