ಅರವತ್ತು ಅಂಕಿ

ಗುರುವಾರ, ತಾರೀಕು ಹದಿನಾಲ್ಕು
ಲಾಂಡ್ರಿಯ ಕೌಂಟರಿನಿಂದ

ನನ್ನ ಮುದ್ದಿನ ಮೊಂಡಿಗೆ,

ಅಮ್ಮನ ಆಶೀರ್ವಾದಗಳು. ಸಿಟ್ಟು ಇಳಿದಿದ್ದರೆ ಕೂತು ಓದು, ಇಳಿಯದಿದ್ದರೆ ನಿಂತೇ ಓದು. ಓದುವುದಂತೂ ಓದು.

ನಿನ್ನೆ ನಿನ್ನ ಚಿಕ್ಕಮ್ಮ ಲಾಂಡ್ರಿಗೇ ಬಂದು ನನ್ನನ್ನು ಚೆನ್ನಾಗಿ ಜಾಡಿಸಿದಳು. ಹನ್ನೊಂದು ದಿನದಿಂದ ಮಗಳ ಮೆಸೇಜಿಗೆ ಉತ್ತರ ಇಲ್ಲ, ಫೋನ್ ಎತ್ತೋದಿಲ್ಲ, ನೀನೇನು ಅಮ್ಮನೋ ಕಲ್ಲೋ ಅಂದಳು. ಒದ್ದೆ ಬೆಡ್‌ಶೀಟು ಕೈಯಲ್ಲಿ ಹಿಡಿದುಕೊಂಡೇ ಅನ್ನಿಸಿಕೊಂಡೆ. ನಾಳೆ ಅವಳು ನಿನ್ನ ಊರಿಗೆ ಬರುತ್ತಾಳಲ್ಲ, ಈ ಪತ್ರ ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಗೋಂದು ಹಚ್ಚುವುದು ಸಾಲದೆ ಲಕೋಟೆಗೆ ಸೂಜಿದಾರದಿಂದ ಹೊಲಿಗೆಯನ್ನೂ ಹಾಕುತ್ತೇನೆ. ಹೊಲಿಗೆ ಬಿಚ್ಚಿದ್ದರೆ ಯಾರ ಕೆಲಸ ಅಂತ ಕೇಳುವುದೇ ಬೇಡ.

ಉತ್ತರ ಕೊಡದಿರುವುದಕ್ಕೆ ನೀನೇ ಕಾರಣ. ಹೋದ ವರ್ಷ ಇಸ್ತ್ರಿ ಮೇಜಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತು ನನ್ನ ಫೋನಿಗೆ ಆ ಆಪ್ ಹಾಕಿಕೊಟ್ಟವಳು ನೀನಲ್ಲವೇ? ನಮ್ಮ ಮನೆಯವರ ಗ್ರೂಪಿನಲ್ಲಿ ಒಬ್ಬರು ಸೀನಿದರೆ ನಲವತ್ತೊಂದು ಜನ ಮದ್ದು ಹೇಳುತ್ತಾರೆ, ನಮ್ಮಿಬ್ಬರಿಗೇ ಅಂತ ಒಂದು ಜಾಗ ಬೇಕು ಅಂತ ನೀನೇ ಅಂದಿದ್ದೆ. ನೀನು ಬರೆದದ್ದು ಅಲ್ಲೇ ಬೀಗ ಹಾಕಿಕೊಂಡು ಹೊರಟು ನನ್ನ ಫೋನಿಗೆ ಬಂದ ಮೇಲೇ ತೆರೆದುಕೊಳ್ಳುತ್ತದೆ, ಆಪ್ ಮಾಡಿದವರೂ ಓದಲಾರರು ಅಂತ ವಿವರಿಸಿದ್ದೆ. ಆಮೇಲೆ ನಮ್ಮಿಬ್ಬರ ಸೇಫ್ಟಿ ನಂಬರ್ ತೋರಿಸಿದೆ, ಇಬ್ಬರ ಫೋನಿನಲ್ಲೂ ಒಂದೇ ಇರಬೇಕಾದ ಅರವತ್ತು ಅಂಕಿ. ಅದು ಬದಲಾಗಿದೆ ಅಂತ ಫೋನ್ ಹೇಳಿದ್ರೆ ಆ ಕಡೆ ನಾನೇ ಇದ್ದೀನಿ ಅಂತ ನಂಬ್ಬೇಡ, ತಾಳೆ ನೋಡೋ ತನಕ ಬಾಯಿ ಬಿಡ್ಬೇಡ, ಈಗ ದನೀನೂ ನಕಲು ಮಾಡ್ತಾರೆ ಅಂದೆ. ಮೂರು ಸಲ ನನ್ನಿಂದ ಒಪ್ಪಿಸಿಕೊಂಡೆ, ನೀನು ಸ್ಕೂಲಿಗೆ ಹೋಗುವಾಗ ನಿನ್ನಿಂದ ನಾನು ಮಗ್ಗಿ ಒಪ್ಪಿಸಿಕೊಂಡ ಸೇಡು ತೀರಿಸಿಕೊಳ್ಳುವ ಹಾಗೆ.

ಮೂರನೇ ತಾರೀಕು ಬೆಳಿಗ್ಗೆ ಫೋನ್ ಹಾಗೇ ಹೇಳಿತು. ನಂಬರ್ ಬದಲಾಗಿದೆ. ಕೆಳಗೇ ಒಂದು ಮೆಸೇಜು: ಅಮ್ಮ, ನಿನ್ನ ಮೇಲೆ ಅನುಮಾನಪಟ್ಟಿದ್ದು ನನ್ನದೇ ತಪ್ಪು, ನನ್ನ ಹಳೇ ಫೋನಿಗೆ ನಿನ್ನ ಅಳಿಯಂದಿರೇ ಏನೋ ಹಾಕಿ ಓದ್ತಿದ್ರು ಅನ್ಸುತ್ತೆ, ಹೊಸ ಫೋನ್ ತಗೊಂಡೆ, ಮನೆಗೆ ಬರ್ಲಾ?

ನೀನೇ ಹೇಳು, ಇದನ್ನು ಯಾರು ನಂಬುತ್ತಾರೆ? ನನ್ನ ಮಗಳು ತಪ್ಪು ಒಪ್ಪಿಕೊಳ್ಳುವುದೇ? ಆರು ವರ್ಷದವಳಿದ್ದಾಗ ಗಂಜಿಯ ಜಾಡಿ ಒಡೆದು, ಜಾಡಿಯೇ ನಿನ್ನ ಮೇಲೆ ಬಿತ್ತು ಅಂತ ಅದರ ಚೂರುಗಳ ಹತ್ತಿರ ಜಗಳ ಆಡಿದವಳು ನೀನು. ಯಾರೋ ಮೋಸಗಾರ ಇರಬೇಕು, ಪಾಪ ಅವನಿಗೆ ಮನೆಯ ವಿಚಾರ ಗೊತ್ತಿಲ್ಲ ಅಂದುಕೊಂಡು ಸುಮ್ಮನಾದೆ.

ಆದರೂ ಒಂದು ಮಾತು. ಹೋದ ತಿಂಗಳು ನೀನು ಬರೆದದ್ದು ನನಗೆ ಬಾಯಿಪಾಠ ಆಗಿದೆ. ನಾನೂ ಅವರೂ ಸ್ವಲ್ಪ ದಿನ ಬೇರೆ ಇರೋಣ ಅಂದ್ಕೊಂಡಿದ್ದೀವಿ, ಯಾರಿಗೂ ಹೇಳ್ಬೇಡ ಅಂದಿದ್ದೆ. ಮಾರನೆಯ ದಿನ ನಿನ್ನ ಸೋದರಮಾವ ಅದೇ ಮಾತುಗಳನ್ನು ಗ್ರೂಪಿಗೆ ಹಾಕಿದ. ಯಾರು ಹೇಳಿದರು ಅಂದರೆ ಬಾಯಿ ಬಿಡಲಿಲ್ಲ. ನೀನು ಬಸ್ಸು ಹತ್ತಿ ಬಂದು, ನೀನೇ ಹೇಳಿದ್ಯಾ ಅಮ್ಮ ಅಂತ ಕೇಳಿದೆ. ನಾನು ಇಲ್ಲ ಅಂದೆ. ನೀನು ಊಟವನ್ನೂ ಮಾಡದೆ ಹೊರಟುಹೋದೆ. ಆ ಆಪ್‌ನಲ್ಲೇ ಎಲ್ಲೋ ತೂತಿರಬೇಕು, ನಾವೇನು ಕಂಡಿದ್ದೇವೆ? ನಾನು ಎಂಥವಳು ಅಂತ ನಿನಗೆ ಗೊತ್ತಿದೆ. ಇಪ್ಪತ್ತಾರು ವರ್ಷದಿಂದ ಜನರ ಜೇಬು ತಡಕುತ್ತಿದ್ದೇನೆ. ಒದ್ದೆಯಾಗುವ ಮುಂಚೆ ಚೀಟಿ ಸಿಕ್ಕರೆ ಕವರಿಗೆ ಹಾಕಿ ಬಟ್ಟೆಗೆ ಪಿನ್ನು ಮಾಡುತ್ತೇನೆ. ಇವತ್ತಿನವರೆಗೆ ಒಂದನ್ನೂ ಬಿಡಿಸಿ ಓದಿಲ್ಲ.

ಅಳಿಯಂದಿರು ದಿನಾ ಫೋನ್ ಮಾಡುತ್ತಿದ್ದಾರಂತೆ, ನೀನು ಎತ್ತುತ್ತಿಲ್ಲವಂತೆ. ಕದ್ದು ಓದಿದವರ ಜೊತೆ ಇನ್ನೇನು ಮಾತು, ನಾನಿನ್ನು ಆ ಮನೆಗೆ ಹೋಗಲ್ಲ ಅಂದೆಯಂತೆ. ಚಿಕ್ಕಮ್ಮ ಇದನ್ನು ಹೇಳುವಾಗ ಇಸ್ತ್ರಿ ಪೆಟ್ಟಿಗೆಯನ್ನು ಒಂದು ಬಿಳಿ ಷರ್ಟಿನ ಮೇಲೆ ಹಾಗೇ ಬಿಟ್ಟುಬಿಟ್ಟೆ. ಬೆನ್ನಿನ ಮೇಲೆ ಕಂದು ಕಲೆ ಆಯಿತು. ಇಷ್ಟು ವರ್ಷದಲ್ಲಿ ಮೊದಲನೆಯದು. ಗಿರಾಕಿ ಒಳ್ಳೆಯವರು, ಒಳಗೆ ಹಾಕ್ಕೊಳ್ತೀನಿ ಬಿಡಿ ಅಂದರು.

ನಿನ್ನ ಕೋಣೆಯ ಕಿಟಕಿ ಒರೆಸಿದ್ದೇನೆ. ನಿನ್ನ ಹಳದಿ ಸ್ವೆಟರು ಒಗೆದು ಮಡಚಿಟ್ಟಿದ್ದೇನೆ, ತೋಳು ಈಗ ಗಿಡ್ಡ ಆಗಬಹುದು. ಬರಲಾ ಅಂತ ಕೇಳುವ ಮನೆಯೇ ಅದು? ನೀನಿಲ್ಲದೆ ನನಗೆ ಯಾರ ಹತ್ತಿರವೂ ಜಗಳ ಆಡಲು ರುಚಿಯಿಲ್ಲ.

ಬಟ್ಟೆಗೆ ಕಟ್ಟುವ ಚೀಟಿಯೊಂದರ ಹಿಂದೆ ಹೊಸ ಅರವತ್ತು ಅಂಕಿಗಳನ್ನು ಬರೆದು ಇದರೊಳಗೆ ಇಟ್ಟಿದ್ದೇನೆ. ಕನ್ನಡಕ ಹಾಕಿಕೊಂಡು ಮೂರು ಸಲ ನೋಡಿದ್ದೇನೆ. ನಿನ್ನ ಫೋನಿನಲ್ಲೂ ಇವೇ ಇದ್ದರೆ ನಮ್ಮಿಬ್ಬರ ನಡುವೆ ಬೇರೆ ಯಾರೂ ಇಲ್ಲ.

ನಿನ್ನದೇ ದಾರಿ ನೋಡುತ್ತಿರುವ,
ಅಮ್ಮ

ತಾ.ಕ.: ಇದು ಮರೆತು ಬಿಟ್ಟ ವಿಷಯ ಅಲ್ಲ. ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಆ ಮೆಸೇಜು ನಿನ್ನದೇ ಅಂತ ಮೊದಲ ದಿನವೇ ಗೊತ್ತಾಗಿತ್ತು. ಅದರ ಕೊನೆಯಲ್ಲಿ, ಎಡಗಣ್ಣಿಗೆ ಡ್ರಾಪ್ಸ್ ಬಿಟ್ಕೊಂಡ್ಯಾ ಅಂತ ಕೇಳಿದ್ದೆ. ಹಾಗೆ ಕೇಳುವವಳು ನೀನೊಬ್ಬಳೇ. ತಪ್ಪು ನನ್ನದು ಅಂತ ನೀನು ಬರೆದದ್ದಕ್ಕೆ ಏನು ಉತ್ತರ ಕೊಡಲಿ ಅಂತ ತಿಳಿಯದೆ ನಂಬರಿನ ನೆಪ ಹಿಡಿದು ಕೂತೆ. ತಪ್ಪು ನಿನ್ನದಲ್ಲ ಕಂದ, ಅಳಿಯಂದಿರದ್ದೂ ಅಲ್ಲ, ಆಪ್‌ನಲ್ಲೂ ತೂತಿಲ್ಲ. ಹೋದ ತಿಂಗಳು ಬೇರೆ ಇರೋಣ ಅಂತ ನೀನು ಬರೆದ ಮೆಸೇಜನ್ನು ಕೌಂಟರಿನಲ್ಲೇ ನಿಂತು ನಾಲ್ಕು ಸಲ ಓದಿದೆ. ಅದೇ ಹೊತ್ತಿಗೆ ನಿನ್ನ ಸೋದರಮಾವ ಪ್ಯಾಂಟು ತೆಗೆದುಕೊಂಡು ಹೋಗಲು ಬಂದ. ಏನು ಮಾಡಲೋ ಅಂತ ಫೋನನ್ನೇ ಅವನ ಕೈಗೆ ಕೊಟ್ಟುಬಿಟ್ಟೆ. ಯಾರಿಗೂ ಹೇಳಬೇಡ ಅಂತ ನಾನೂ ಅವನಿಗೆ ಹೇಳಿದ್ದೆ. ನೀನು ಬಂದು ಕೇಳಿದಾಗ ನಿನ್ನ ಮುಖ ನೋಡಿ ಹೆದರಿ ಸುಳ್ಳು ಹೇಳಿದೆ. ಮೊದಲು ಅಳಿಯಂದಿರಿಗೆ ಫೋನ್ ಮಾಡು. ಆಮೇಲೆ ಬಾ, ನನ್ನನ್ನು ಬೈಯಲಿಕ್ಕಾದರೂ ಬಾ.